ಹದ್ದಿನ ಕಣ್ಣಿಗೆ ಕಾಣದ ಕಾಲು

ನನ್ನ ಮುದ್ದು ಸೊಸೆಗೆ,

ಈ ಮೊದಲ ಸಾಲು ನೋಡಿಯೇ ನೀನು ಹುಬ್ಬೇರಿಸುತ್ತೀಯ ಎಂದು ಗೊತ್ತು. ಮದುವೆಯಾಗಿ ಮೂರು ವರ್ಷವಾದರೂ ನಾನು ನಿನ್ನನ್ನು ಒಮ್ಮೆಯೂ ‘ಮುದ್ದು’ ಎಂದು ಕರೆದಿಲ್ಲ. ಹೊಡೆದುಹಾಕಿ ಬೇರೆ ಏನಾದರೂ ಬರೆಯೋಣವೇ ಎಂದು ಯೋಚಿಸಿದೆ. ಆದರೆ ಈ ಹೊತ್ತಿಗೆ ಬಾಯಿಗೆ ಬಂದದ್ದು ಅದೇ, ಇರಲಿ ಬಿಡು. ಈಗ ಭಾನುವಾರ ಸಂಜೆ ಆರು ಗಂಟೆ. ಹೆಚ್ಚಿದ ಈರುಳ್ಳಿ ಅಡುಗೆಮನೆಯ ಮೇಜಿನ ಮೇಲೆ ಹಾಗೇ ಬಿದ್ದಿದೆ. ನಿನ್ನ ಮಾವ ಎರಡು ಸಲ ಬಂದು “ಇವತ್ತು ಊಟ ಇದೆಯೋ, ಇಲ್ಲ ನಾನೇ ಬ್ರೆಡ್ ತಿಂದು ಮಲಗ್ಲೋ?” ಎಂದು ಕೇಳಿ ಹೋದರು. ನನಗೆ ಹಸಿವೂ ಇಲ್ಲ, ಕೂತಲ್ಲಿ ಕೂರಲೂ ಆಗುತ್ತಿಲ್ಲ. ಎರಡು ಸಾಲು ಬರೆಯುತ್ತೇನೆ, ಎದ್ದು ಒಂದು ಸುತ್ತು ಓಡಾಡುತ್ತೇನೆ, ಮತ್ತೆ ಬಂದು ಕೂರುತ್ತೇನೆ. ಅಕ್ಷರ ಸೊಟ್ಟಗಿದ್ದರೆ ಹೊಟ್ಟೆಗೆ ಹಾಕಿಕೋ.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನನ್ನ ನಾಲಿಗೆ ಏನು ಮಾಡುತ್ತದೆ ಎನ್ನುವುದು ನಿನಗೂ ಗೊತ್ತು, ನನಗೂ ಗೊತ್ತು.

ಒಂಬತ್ತು ವಾರದ ಹಿಂದೆ ನನ್ನ ಮಗ ಆಸ್ಪತ್ರೆಯಿಂದ ಫೋನ್ ಮಾಡಿದ. “ಅಮ್ಮಾ, ಹೆಣ್ಣುಮಗು! ಇಬ್ರೂ ಚೆನ್ನಾಗಿದ್ದಾರೆ. ಒಂದು ಪಾದ ಮಾತ್ರ ಸ್ವಲ್ಪ ಒಳಗೆ ತಿರುಗಿಕೊಂಡಿದೆ, ಸರಿಮಾಡ್ತೀವಿ ಅಂತ ಡಾಕ್ಟರು ಹೇಳಿದ್ದಾರೆ” ಎಂದ. ಅಂಥ ಹೊತ್ತಿನಲ್ಲಿ ಬೇರೆ ಯಾವ ಅಜ್ಜಿಯಾಗಿದ್ದರೂ ಅಳುತ್ತಿದ್ದಳು, ನಗುತ್ತಿದ್ದಳು, ಮಗು ಯಾರ ಹಾಗಿದೆ ಎಂದು ಕೇಳುತ್ತಿದ್ದಳು, ಹೆತ್ತವಳು ಏನಾದರೂ ತಿಂದಳಾ ಎಂದು ವಿಚಾರಿಸುತ್ತಿದ್ದಳು. ನಾನು ಕೇಳಿದ್ದು ಏನು? “ಯಾವ ಕಾಲು? ಎಷ್ಟು ತಿರುಗಿದೆ?”

ಅವನು ಫೋನನ್ನು ಎಲ್ಲರಿಗೂ ಕೇಳುವ ಹಾಗೆ ಇಟ್ಟಿದ್ದಾನೆ ಎಂದು ನನಗೆ ಗೊತ್ತಿರಲಿಲ್ಲ. ಆಮೇಲೆ ನಿನ್ನ ದನಿ ಕೇಳಿಸಿತು, ಸುಸ್ತಾದ ದನಿ. “ಅತ್ತೆ ಸದ್ಯಕ್ಕೆ ಬರೋದು ಬೇಡ ಅಂತ ಹೇಳಿ. ನನ್ನ ಮಗೂನೂ ತಿರುಗಿಸಿ ನೋಡ್ತಾರೆ.”

ನನಗೆ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಹಸಿ ಬಾಣಂತಿ ಎಂದು ಸುಮ್ಮನಾದೆ. ನಿನ್ನ ಮಾತಿಗೆ ಎದುರು ಮಾತಿಲ್ಲ ಎಂದು ಒಪ್ಪಿಕೊಳ್ಳಲು ನನಗೆ ಎರಡು ದಿನ ಬೇಕಾಯಿತು. ಆ ‘ತಿರುಗಿಸಿ ನೋಡುವುದು’ ಎಲ್ಲಿಂದ ಬಂತು ಎಂದು ನಮ್ಮಿಬ್ಬರಿಗೂ ಗೊತ್ತಿದೆ. ಆದರೆ ನಾನು ಇಷ್ಟು ದಿನ ಅದನ್ನು ಬಾಯಿಬಿಟ್ಟು ಹೇಳಿಲ್ಲ. ಇವತ್ತು ಹೇಳುತ್ತೇನೆ, ನಡುವೆ ತಡೆಯಬೇಡ.

ನಿನ್ನ ಅತ್ತೆ ಮೂವತ್ತೊಂದು ವರ್ಷದಿಂದ ಬಟ್ಟೆ ಕಾರ್ಖಾನೆಯಲ್ಲಿ ಚೆಕ್ಕರ್. ದಿನಕ್ಕೆ ಐನೂರು ಅಂಗಿ ನನ್ನ ಕೈಮೇಲೆ ಹಾದುಹೋಗುತ್ತವೆ. ಕಾಲರ್, ಭುಜ, ತೋಳು, ಗುಂಡಿಪಟ್ಟಿ, ಕೆಳಗಿನ ಅಂಚು. ಆಮೇಲೆ ಅಂಗಿಯನ್ನು ತಿರುವಿ ಒಳಭಾಗದಲ್ಲಿ ಇನ್ನೊಂದು ಸುತ್ತು. ಒಂದು ಅಂಗಿಗೆ ಐವತ್ತು ಸೆಕೆಂಡು. ಹೊಲಿಗೆ ಹಾರಿದ್ದರೆ, ದಾರ ಉಳಿದಿದ್ದರೆ, ಕಲೆಯಾಗಿದ್ದರೆ ಅಲ್ಲಿ ಒಂದು ಪುಟ್ಟ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸಿ ಪಕ್ಕಕ್ಕೆ ಎಸೆಯಬೇಕು. ಸರಿಯಿರುವ ಅಂಗಿಯನ್ನು ಯಾರೂ ನೋಡುವುದಿಲ್ಲ, ಅದು ಸುಮ್ಮನೆ ಪೆಟ್ಟಿಗೆಗೆ ಹೋಗುತ್ತದೆ. ಕಾರ್ಖಾನೆಯಲ್ಲಿ ನನಗಿಟ್ಟ ಹೆಸರು ‘ಹದ್ದು’. ಎದುರಿಗೆ ಯಾರೂ ಹಾಗೆ ಕರೆಯುವುದಿಲ್ಲ, ಆದರೆ ಈ ಹದ್ದಿಗೆ ಕಿವಿಯೂ ಚುರುಕು. ಆ ಹೆಸರಿನ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಹೋದ ವರ್ಷ ನೀನು ನಮ್ಮ ಚರ್ಚಿನ ಬಲಿಪೀಠಕ್ಕೆಂದು ಬಿಳಿಯ ವಸ್ತ್ರದ ಮೇಲೆ ಕಸೂತಿ ಹಾಕಿದೆ. ಔಷಧಿ ಅಂಗಡಿಯ ಕೆಲಸಕ್ಕೆ ಹೋಗುವ ಮುಂಚೆ, ದಿನಾ ಬೆಳಗ್ಗೆ ಒಂದು ಗಂಟೆ, ಕಿಟಕಿಯ ಹತ್ತಿರ ಕೂತು ನಾಲ್ಕು ತಿಂಗಳು ಹಾಕಿದೆ. ಮುಗಿದ ದಿನ ನಾನು ಕೆಲಸದಿಂದ ಆಗ ತಾನೆ ಬಂದಿದ್ದೆ, ಮೈಮೇಲೆ ಏಪ್ರನ್ ಹಾಗೇ ಇತ್ತು. ಮುಂದಿನ ಕೋಣೆಯಲ್ಲಿ ಚರ್ಚಿನ ಆರು ಜನ ಹೆಂಗಸರು ಚಹಾ ಕುಡಿಯುತ್ತಾ ಕೂತಿದ್ದರು. ನೀನು ಅವರೆಲ್ಲರ ನಡುವೆ ಬಂದು, ಎಲ್ಲರಿಗಿಂತ ಮೊದಲು ನನ್ನ ಕೈಗೆ ಅದನ್ನು ಕೊಟ್ಟು “ಅತ್ತೆ, ನೋಡಿ” ಎಂದೆ.

ನಾನು ಅದನ್ನು ಮೇಜಿನ ಮೇಲೆ ಹಾಸಿದೆ. ತಿರುಗಿಸಿದೆ. ಹೆಬ್ಬೆರಳಿನಿಂದ ಅಂಚನ್ನು ಸವರುತ್ತಾ ಹೋದೆ. ಜೇಬಿನಿಂದ ಸ್ಟಿಕ್ಕರ್ ಹಾಳೆ ಯಾವಾಗ ಹೊರಗೆ ಬಂತೋ ದೇವರಾಣೆ ನನಗೆ ಗೊತ್ತಾಗಲಿಲ್ಲ. ಒಂದು, ಎರಡು, ಮೂರು... ಏಳು ಕೆಂಪು ಬಾಣ. ಆಮೇಲೆ ಕನ್ನಡಕ ತೆಗೆದು “ಇಷ್ಟು ಸರಿಮಾಡಿದ್ರೆ ಪಾಸ್” ಎಂದೆ. ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು. ನೀನು “ಆಯ್ತು ಅತ್ತೆ” ಎಂದು ಸ್ಟಿಕ್ಕರ್ ಸಮೇತ ಅದನ್ನು ಮಡಚಿ ಒಳಗೆ ತೆಗೆದುಕೊಂಡು ಹೋದೆ. ಆ ವಸ್ತ್ರ ಬಲಿಪೀಠದ ಮೇಲೆ ಬರಲೇ ಇಲ್ಲ. ಎರಡು ತಿಂಗಳಾಗುವಷ್ಟರಲ್ಲಿ ನೀವಿಬ್ಬರೂ ಊರಿನ ಆ ತುದಿಯಲ್ಲಿ ಮನೆ ಮಾಡಿದಿರಿ. ಕೆಲಸಕ್ಕೆ ಹತ್ತಿರವಾಗುತ್ತದೆ ಎಂದ ಮಗ. ನಾನೂ ನಂಬಿದ ಹಾಗೆ ನಟಿಸಿದೆ.

ಆ ಏಳೂ ನಿಜವಾದ ತಪ್ಪುಗಳೇ ಆಗಿದ್ದವು. ಇಷ್ಟು ದಿನ ನನ್ನನ್ನು ಕಾಪಾಡಿದ್ದು ಅದೇ. ‘ಇಲ್ಲದ್ದನ್ನೇನೂ ನಾನು ಹೇಳಲಿಲ್ಲವಲ್ಲ’ ಎಂದುಕೊಂಡು ಒಂದು ವರ್ಷ ಕಳೆದೆ.

ಸರಿ, ಈಗ ಆಸ್ಪತ್ರೆಯ ಫೋನ್ ಬಂದ ಮೇಲಿನ ಭಾನುವಾರಕ್ಕೆ ಬರೋಣ. ಚರ್ಚಿನ ಬಾಗಿಲಲ್ಲಿ ಫಾದರ್ ಒಂದು ಮಡಚಿದ ಚೀಟಿ ಹಂಚುತ್ತಿದ್ದರು. ದಿನಕ್ಕೆ ಹದಿನೈದು ನಿಮಿಷ ದೇವರ ಜೊತೆ ಕೂತು ಆ ದಿನವನ್ನು ಹಿಂದಿರುಗಿ ನೋಡುವ ಪ್ರಾರ್ಥನೆ. ಮೊದಲು ಬೆಳಕು ಬೇಡಬೇಕು, ಆಮೇಲೆ ಸಿಕ್ಕಿದ್ದಕ್ಕೆ ಕೃತಜ್ಞತೆ ಹೇಳಬೇಕು, ಬೆಳಗ್ಗೆ ಎದ್ದಾಗಿನಿಂದ ಇಡೀ ದಿನವನ್ನು ನಿಧಾನವಾಗಿ ನಡೆದು ಬರಬೇಕು, ಎಡವಿದ್ದಕ್ಕೆ ಕ್ಷಮೆ ಕೇಳಬೇಕು, ನಾಳೆಯನ್ನು ಆತನ ಕೈಗೆ ಕೊಡಬೇಕು. ಇಷ್ಟೇ. “ಇದನ್ನ ದಿನಾ ಮಾಡಿದ್ರೆ ಕಣ್ಣು ತೆರೆಯುತ್ತೆ” ಎಂದರು ಫಾದರ್. ನನ್ನ ಕಣ್ಣು ತೆರೆಯುವುದಕ್ಕೆ ಇನ್ನೇನಿದೆ ಎಂದುಕೊಂಡೇ ಒಂದು ಚೀಟಿ ತೆಗೆದುಕೊಂಡೆ. ನಿನ್ನ ಮಾತು ಕಿವಿಯಲ್ಲಿ ಕೊರೆಯುತ್ತಿತ್ತು, ಏನಾದರೂ ಮಾಡಲೇಬೇಕಿತ್ತು.

ನಾನು ಆ ಪ್ರಾರ್ಥನೆಯನ್ನು ಹೇಗೆ ಮಾಡಿದೆ ಎಂದು ಊಹಿಸು ನೋಡೋಣ. ನಗಬೇಡ. ಒಂದು ಇನ್ನೂರು ಪುಟದ ನೋಟ್‌ಬುಕ್ ತಂದೆ. ದಿನಾ ಸಂಜೆ ಆರು ಗಂಟೆಗೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ದಿನವನ್ನು ಕಾಲರಿನಿಂದ ಕೆಳಅಂಚಿನವರೆಗೆ ಚೆಕ್ ಮಾಡಿದೆ. ಸುಳ್ಳು ಹೇಳಿದ್ದು, ಸಿಡುಕಿದ್ದು, ಚರ್ಚಿನಲ್ಲಿ ಪೂಜೆಯ ಹೊತ್ತಿಗೆ ಆಕಳಿಸಿದ್ದು, ಒಂದೊಂದನ್ನೂ ಬರೆದು ಪಕ್ಕದಲ್ಲಿ ಕೆಂಪು ಬಾಣ ಅಂಟಿಸಿದೆ. ಬೆಳಕು ಬೇಡುವುದು, ಕೃತಜ್ಞತೆ ಹೇಳುವುದು ಇವೆಲ್ಲ ಪೀಠಿಕೆ ಎಂದು ಹಾರಿಸಿ ನೇರ ಕೆಲಸಕ್ಕೆ ಇಳಿದೆ. ಒಂದು ದಿನ ಇಪ್ಪತ್ತಮೂರು ತಪ್ಪು ಸಿಕ್ಕಿದವು! ನನಗೆ ಎಷ್ಟು ಖುಷಿಯಾಯಿತೆಂದರೆ ನಿನ್ನ ಮಾವನ ತಪ್ಪುಗಳಿಗೂ ಹಿಂದಿನ ಪುಟಗಳಲ್ಲಿ ಜಾಗ ಮಾಡಿದೆ. ಅವರು ಒಂದು ದಿನ ಅದನ್ನು ನೋಡಿಬಿಟ್ಟರು. “ಇನ್‌ಸ್ಪೆಕ್ಟರಮ್ಮ, ಇಷ್ಟು ವರ್ಷ ಬಸ್ ಓಡಿಸಿದೀನಿ, ಪೊಲೀಸರೂ ನಂಗೆ ಇಷ್ಟು ದಂಡದ ಚೀಟಿ ಹರಿದಿರಲಿಲ್ಲ” ಎಂದರು.

ಮೂರು ವಾರ ಹೀಗೇ ಸಾಗಿತು. ಕಣ್ಣು ತೆರೆಯುವುದಿರಲಿ, ಎಲ್ಲರ ಮೇಲೂ ರೇಗುವುದು ಹೆಚ್ಚಾಯಿತು. ಎಲ್ಲೋ ಲೆಕ್ಕ ತಪ್ಪಿದೆ ಎನ್ನಿಸಿ ಕನ್ನಡಕದ ಸಿಸ್ಟರ್ ಹತ್ತಿರ ಹೋದೆ. ಚರ್ಚಿನ ಪಕ್ಕದ ದವಾಖಾನೆಯಲ್ಲಿ ಗಾಯಕ್ಕೆ ಪಟ್ಟಿ ಕಟ್ಟುವ, ಎಂಬತ್ತು ದಾಟಿದ ಸಿಸ್ಟರ್ ನಿನಗೂ ಗೊತ್ತಲ್ಲ, ಬಾಟಲಿಯ ತಳದಷ್ಟು ದಪ್ಪ ಕನ್ನಡಕದವರು. ನೋಟ್‌ಬುಕ್ ತೆರೆದು ಅವರ ಮುಂದೆ ಇಟ್ಟೆ. ಹೊಗಳುತ್ತಾರೆ ಎಂಬ ಆಸೆ ಮನಸ್ಸಿನ ಮೂಲೆಯಲ್ಲಿ ಇತ್ತು ಅನ್ನಿಸುತ್ತದೆ. ಅವರು ಪುಟ ತಿರುವಿದರು, ಇನ್ನೊಂದು ಪುಟ ತಿರುವಿದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೆಮ್ಮು ಬಂದು ನಾನೇ ನೀರು ಕೊಡಬೇಕಾಯಿತು.

“ಏನಮ್ಮ, ಕಾರ್ಖಾನೇಲಿ ಮೇಜಿನ ಮುಂದೆ ಕೂತ ತಕ್ಷಣ ಮೊದಲು ಏನ್ಮಾಡ್ತೀಯ?” ಎಂದು ಕೇಳಿದರು.

“ತಲೆ ಮೇಲಿನ ಟ್ಯೂಬ್‌ಲೈಟ್ ಹಾಕ್ತೀನಿ ಸಿಸ್ಟರ್. ಕತ್ತಲಲ್ಲಿ ಬಟ್ಟೆ ನೋಡೋಕಾಗುತ್ತಾ?”

“ಮತ್ತೆ ಇಲ್ಲಿ ಯಾಕೆ ಕತ್ತಲಲ್ಲೇ ಕೂತಿದ್ದೀಯ? ಬೆಳಕು ಕೇಳು ಅಂತ ಮೊದಲನೇ ಸಾಲಲ್ಲೇ ಬರೆದಿದೆ. ನೀನು ನಿನ್ನ ಟಾರ್ಚ್ ಹಿಡ್ಕೊಂಡು ಬಂದಿದ್ದೀಯ. ದೇವರನ್ನ ಪಕ್ಕದಲ್ಲಿ ಕೂರಿಸ್ಕೊಂಡು ಇಷ್ಟೆಲ್ಲ ಮಾಡಿದ್ದೀಯಲ್ಲ, ಆತನಿಗೆ ಒಂದ್ಸಲನಾದ್ರೂ ಮಾತಾಡೋಕೆ ಬಿಟ್ಯಾ?”

ಅವರು ಕೈಚಾಚಿ “ಆ ಸ್ಟಿಕ್ಕರ್ ಕೊಡು ಇಲ್ಲಿ” ಎಂದರು. ಶಾಲೆಯ ಹುಡುಗಿಯ ಹಾಗೆ ಕೊಟ್ಟೆ. “ಒಂದು ವಾರ ತಪ್ಪು ಹುಡುಕಬೇಡ. ಅವು ಎಲ್ಲೂ ಓಡಿ ಹೋಗಲ್ಲ. ದಿನವನ್ನ ಆತನ ಮುಂದೆ ಹಾಸಿ, ‘ನೀನು ಮೊದಲು ಏನು ನೋಡಿದೆ?’ ಅಂತ ಕೇಳು. ಕೇಳಿ ಸುಮ್ನಿರು. ಸುಮ್ನಿರೋದು ನಿಂಗೆ ಕಷ್ಟ, ಗೊತ್ತು.” ಹೀಗೆ ಹೇಳಿ, ಕಾದು ಕೂತಿದ್ದ ಮೊಣಕಾಲಿನ ಗಾಯದವನನ್ನು ಒಳಗೆ ಕರೆದರು.

ಮೊದಲ ನಾಲ್ಕು ದಿನ ಬೆಳಕು ಬೇಡಿದೆ, ಸುಮ್ಮನಾದೆ, ಸ್ಟೂಲಿನ ಮೇಲೇ ತೂಕಡಿಸಿದೆ. ಒಲೆಯ ಮೇಲಿದ್ದ ಸಾರು ಸೀದುಹೋಯಿತು. ಐದನೆಯ ದಿನ ಕೃತಜ್ಞತೆ ಹೇಳಲು ಏನಾದರೂ ಸಿಗುತ್ತದೋ ಎಂದು ದಿನವನ್ನು ಮೆಲ್ಲಗೆ ನಡೆದು ಬರುತ್ತಿದ್ದೆ. ಕಾರ್ಖಾನೆಯ ಇಸ್ತ್ರಿಯಣ್ಣ ಅಂಗಿಗಳ ರಾಶಿಯನ್ನು ನನ್ನ ಮೇಜಿನ ಮೇಲೆ ಇಟ್ಟದ್ದು ಕಣ್ಣಮುಂದೆ ಬಂತು. ಇಟ್ಟು, ರಾಶಿಯನ್ನು ಒಂದು ಸುತ್ತು ತಿರುಗಿಸಿ, ಕಾಲರುಗಳನ್ನು ನನ್ನ ಕಡೆ ಮಾಡಿ ಹೋದ. ತಟ್ಟನೆ ಹೊಳೆಯಿತು ನೋಡು! ಅವನು ದಿನಾ ಹಾಗೆ ಮಾಡುತ್ತಾನೆ. ನಾನು ಒಂದೊಂದನ್ನೂ ತಿರುಗಿಸಿಕೊಳ್ಳದೆ ಇರಲಿ ಎಂದು, ನನ್ನ ಭುಜ ನೋಯದಿರಲಿ ಎಂದು, ಹನ್ನೊಂದು ವರ್ಷದಿಂದ ಆ ಮನುಷ್ಯ ದಿನಾ ಹಾಗೆ ಮಾಡಿದ್ದಾನೆ. ಹದ್ದಿಗೆ ಅದು ಒಂದು ದಿನವೂ ಕಂಡಿರಲಿಲ್ಲ. ಯಾಕೆಂದರೆ ಅದು ಸರಿಯಾಗಿತ್ತು. ಸರಿಯಾಗಿದ್ದದ್ದು ಪೆಟ್ಟಿಗೆಗೆ ಹೋಗುತ್ತದೆ.

ಮರುದಿನ ಅವನ ಎದುರು ನಿಂತು “ಅಣ್ಣಾ, ಥ್ಯಾಂಕ್ಸ್” ಎಂದೆ. ಅವನ ಮುಖ ಬಿಳಿಚಿಕೊಂಡಿತು. “ಯಾಕಕ್ಕಾ, ಏನಾದ್ರೂ ಸುಟ್ಟುಬಿಟ್ನಾ?” ಎಂದ ಪಾಪ! ನನ್ನ ಬಾಯಿಂದ ಒಳ್ಳೆಯ ಮಾತು ಬಂದರೆ ಜನ ಬೆಚ್ಚಿಬೀಳುತ್ತಾರೆ ಎಂದು ಆಗ ಗೊತ್ತಾಯಿತು. ನಗು ಬಂತು, ಮನೆಗೆ ಬಂದು ಸ್ವಲ್ಪ ಅತ್ತುಬಿಟ್ಟೆ.

ಅಲ್ಲಿಂದ ಶುರುವಾಯಿತು ಮಗಳೇ. ಒಂದೊಂದು ಸಂಜೆಯೂ ಏನಾದರೊಂದು ಕಾಣತೊಡಗಿತು. ಬೆಳಗ್ಗೆ ನನ್ನ ಚಪ್ಪಲಿಯ ಜೋಡಿಯನ್ನು ನಿನ್ನ ಮಾವ ಬಾಗಿಲ ಕಡೆ ಮುಖ ಮಾಡಿ ಇಡುವುದು ಕಂಡಿತು. ಬಸ್ಸಿನಲ್ಲಿ ತನ್ನ ನಿಲ್ದಾಣ ಬರುವ ಮುಂಚೆಯೇ ಎದ್ದು ನನಗೆ ಸೀಟು ಬಿಡುವ ಹೆಂಗಸು ಕಂಡಳು. ಇವೆಲ್ಲ ಮೊದಲೂ ಇದ್ದವು. ನನ್ನ ಕಣ್ಣಿಗೆ ಬೇಕಾದ್ದು ಅವಲ್ಲ, ಹಾಗಾಗಿ ಇಲ್ಲದ ಹಾಗೇ ಇದ್ದವು. ಸಂಜೆ ಆರು ಯಾವಾಗ ಆಗುತ್ತದೋ ಎಂದು ಕಾಯುವ ಹಾಗಾಯಿತು. ಮೂವತ್ತೊಂದು ವರ್ಷದಲ್ಲಿ ನಾನು ದುಡಿಮೆ ಬಿಟ್ಟು ಬೇರೆ ಯಾವುದಕ್ಕೂ ಗಡಿಯಾರ ನೋಡಿದವಳಲ್ಲ.

ಆದರೆ ಬೆಳಕು ಬೇಡಿದ ಮೇಲೆ ಅದು ಎಲ್ಲಿಗೆ ಬೀಳುತ್ತದೆ ಎಂದು ನಾವು ಹೇಳುವ ಹಾಗಿಲ್ಲವಲ್ಲ. ಒಂದು ಸಂಜೆ ಅದು ನಿನ್ನ ಕಸೂತಿಯ ದಿನದ ಮೇಲೆ ಬಿತ್ತು. ನಾನು ಕರೆದಿರಲಿಲ್ಲ, ಅದೇ ಬಂತು. ಮೇಜು ಕಂಡಿತು, ಚಹಾ ಲೋಟಗಳು ಕಂಡವು, ಬಿಳಿ ವಸ್ತ್ರ ಕಂಡಿತು. ಏಳು ಬಾಣಗಳು ಎಲ್ಲೆಲ್ಲಿ ಇದ್ದವು ಎಂದು ಇಂದಿಗೂ ಕಣ್ಣುಮುಚ್ಚಿ ತೋರಿಸಬಲ್ಲೆ. ಸಿಸ್ಟರ್ ಹೇಳಿದ ಹಾಗೆ ಕೇಳಿದೆ: “ಕರ್ತನೇ, ಆ ದಿನ ನೀನು ಮೊದಲು ಏನು ನೋಡಿದೆ?” ಕೇಳಿದ ಕ್ಷಣವೇ ಉತ್ತರ ಗೊತ್ತಾಯಿತು. ಆತನು ನಿನ್ನ ಮುಖ ನೋಡುತ್ತಿದ್ದ. ಸರಿ, ನಾನೂ ನೋಡುತ್ತೇನೆ ಎಂದು ತಲೆ ಎತ್ತಿದರೆ, ಮಗಳೇ, ಅಲ್ಲಿ ಮುಖವೇ ಇಲ್ಲ. ನೀನು ನನ್ನ ಎದುರಿಗೇ ನಿಂತಿದ್ದೆ, ಒಂದು ಮೊಳ ದೂರ. ನಗುತ್ತಿದ್ದೆಯೋ, ಹೆದರಿದ್ದೆಯೋ, ಬಾಣ ಅಂಟಿಸುವಾಗ ಕಣ್ಣು ತುಂಬಿತೋ, ನನಗೆ ಒಂದೂ ನೆನಪಿಲ್ಲ. ನೆನಪು ಹೋಗಿದೆ ಎಂದಲ್ಲ. ನಾನು ನೋಡಿರಲೇ ಇಲ್ಲ. ಆ ಇಡೀ ಹೊತ್ತು ಒಂದು ಸಲವೂ ತಲೆ ಎತ್ತಿ ನಿನ್ನ ಮುಖ ನೋಡಿರಲಿಲ್ಲ.

ನೀನು “ನೋಡಿ” ಎಂದು ಕೊಟ್ಟಿದ್ದೆ. ತಾಯಿಗೆ ತೋರಿಸುವ ಹಾಗೆ ಮೊದಲು ನನಗೆ ತೋರಿಸಿದ್ದೆ. ನಾನು ಆರು ಜನರ ಮುಂದೆ ನಿನಗೆ ಅವಮಾನ ಮಾಡಿದೆ. ನನ್ನ ತಪ್ಪಾಯಿತು. ಏಳು ತಪ್ಪು ಇದ್ದದ್ದು ನಿಜವೋ ಸುಳ್ಳೋ, ಅದು ಈಗ ಬೇಡ. ನಿನ್ನ ಮನಸ್ಸು ಮುರಿದೆ, ನನ್ನನ್ನು ಕ್ಷಮಿಸು. ನೀನು ಹೆರಿಗೆಯಾಗಿ ಮಲಗಿದ್ದಾಗ ಫೋನಿನಲ್ಲಿ ನಿನ್ನ ಬಗ್ಗೆ ಒಂದು ಮಾತೂ ಕೇಳದೆ ಕಾಲಿನ ಬಗ್ಗೆ ಕೇಳಿದೆನಲ್ಲ, ಅದಕ್ಕೂ ಕ್ಷಮಿಸು. ಇದನ್ನು ನಾಲ್ಕು ವಾರದ ಹಿಂದೆಯೇ ಬರೆಯಬೇಕಿತ್ತು. ಬರೆಯಲು ಹೆದರಿದೆ.

ಯಾಕೆ ಹೆದರಿದೆ ಎಂದರೆ, ಕ್ಷಮೆ ಕೇಳಿದರೆ ನೀನು ಬನ್ನಿ ಎನ್ನುತ್ತೀಯ. ನಿನ್ನ ಗುಣ ಅಂಥದ್ದು. ಬಂದರೆ ಮಗುವನ್ನು ನೋಡಬೇಕು. ನೋಡಿದರೆ ಈ ಹಾಳು ಕಣ್ಣು ಮೊದಲು ಎಲ್ಲಿಗೆ ಹೋಗುತ್ತದೆ ಎಂದು ನನಗೇ ಗೊತ್ತಿತ್ತು. ನೀನು ಬಾಗಿಲಲ್ಲಿ ನಿಂತು ನನ್ನ ಕಣ್ಣನ್ನೇ ನೋಡುತ್ತಿರುತ್ತೀಯ. ಒಂದು ಅರೆಕ್ಷಣ ಅದು ಜಾರಿ ಪಾದದ ಕಡೆ ಹೋದರೆ ಸಾಕು, ಮುಗಿಯಿತು, ಆಮೇಲೆ ಜನ್ಮಪೂರ್ತಿ ಕ್ಷಮೆ ಕೇಳಿದರೂ ಪ್ರಯೋಜನವಿಲ್ಲ. ಅದಕ್ಕೇ ಒಂಬತ್ತು ವಾರ ನಾನು ಮಗುವಿನ ಒಂದು ಫೋಟೋವನ್ನೂ ನೋಡಲಿಲ್ಲ. ನಿನ್ನ ಮಾವ ಪ್ರತಿ ಶನಿವಾರ ನಿಮ್ಮಲ್ಲಿಗೆ ಬಂದು ಹಿಗ್ಗಿ ಹೀರೇಕಾಯಿಯಾಗಿ ಮನೆಗೆ ಬರುತ್ತಿದ್ದರು, ಫೋನ್ ಮುಂದೆ ಹಿಡಿಯುತ್ತಿದ್ದರು. ನಾನು ಪಾತ್ರೆ ತೊಳೆಯುವ ನೆಪದಲ್ಲಿ ಬೆನ್ನು ತಿರುಗಿಸುತ್ತಿದ್ದೆ. ಅಜ್ಜಿಗೆ ಮೊಮ್ಮಗಳು ಬೇಡವಾಗಿದ್ದಾಳೆ ಎಂದು ನೀನು ಅಂದುಕೊಂಡಿದ್ದರೆ ಅದು ಶುದ್ಧ ಸುಳ್ಳು. ದಿನಾ ಸಂಜೆ ಪ್ರಾರ್ಥನೆಯ ಕೊನೆಗೆ ನಾಳೆಯನ್ನು ಒಪ್ಪಿಸುವಾಗ ನಾನು ಬೇಡುತ್ತಿದ್ದದ್ದು ಅದೊಂದೇ: ಕರ್ತನೇ, ಆ ಮಗುವನ್ನು ನೀನು ನೋಡುವ ಹಾಗೆ ನಾನು ನೋಡಬೇಕು, ಅಲ್ಲಿಯವರೆಗೆ ನನ್ನನ್ನು ಅವಳ ಹತ್ತಿರ ಬಿಡಬೇಡ.

ಈಗ ಕೇಳು! ಇವತ್ತು ಮಧ್ಯಾಹ್ನ ನಡೆದದ್ದು ಕೇಳು!

ಪೂಜೆ ಮುಗಿಸಿ ಬಂದು ಊಟ ಮಾಡಿ ಮೇಜು ಒರೆಸುತ್ತಿದ್ದೆ. ನಿನ್ನ ಮಾವ ಫೋನನ್ನು ನನ್ನ ಮೂಗಿನ ಮುಂದೆಯೇ ಹಿಡಿದರು. ತಪ್ಪಿಸಿಕೊಳ್ಳಲು ಆಗಲಿಲ್ಲ. ನೋಡಿಬಿಟ್ಟೆ. ಅಯ್ಯೋ ದೇವರೇ, ಆ ಆಕಳಿಕೆ! ಅಷ್ಟು ಪುಟ್ಟ ಬಾಯಿಯಲ್ಲಿ ಇಡೀ ಪ್ರಪಂಚ ಬೇಜಾರಾಗಿದೆ ಎನ್ನುವ ಹಾಗೆ ಆಕಳಿಸುತ್ತಿದ್ದಾಳಲ್ಲ! ಹುಬ್ಬು ನಿನ್ನ ಗಂಡನದೇ, ಅನುಮಾನವೇ ಇಲ್ಲ. ಅವನೂ ಹುಟ್ಟಿದಾಗ ಹಾಗೇ ಹುಬ್ಬು ಗಂಟಿಕ್ಕಿ ಮನೆಯವರನ್ನೆಲ್ಲ ವಿಚಾರಣೆ ಮಾಡುವ ಹಾಗಿದ್ದ. ಆದರೆ ಗಲ್ಲ ನಿನ್ನದು. ಕೂದಲು ಒಂದು ಕಡೆ ಮಾತ್ರ ಎದ್ದು ನಿಂತಿದೆ. ಅವಳ ತಲೆಯ ಕೆಳಗೆ ನಿನ್ನ ಕೈ ಇತ್ತು. ತಲೆ ವಾಲದ ಹಾಗೆ, ಒತ್ತಲೂ ಒತ್ತದ ಹಾಗೆ, ಐದು ಬೆರಳೂ ಬಿಡಿಸಿ ಹಿಡಿದ ಕೈ. ಉಗುರು ಕತ್ತರಿಸಲೂ ಪುರುಸೊತ್ತಿಲ್ಲದ ಕೈ. ನಾನು ಕುರ್ಚಿ ಎಳೆದುಕೊಂಡು ಕೂತು, ಅದನ್ನು ಎರಡು ಬೆರಳಿನಲ್ಲಿ ದೊಡ್ಡದು ಮಾಡಿ, ಚಿಕ್ಕದು ಮಾಡಿ, ಕಾಲು ಗಂಟೆ ಬಾಯಿ ಮುಚ್ಚದೆ ಮಾತಾಡಿದೆನಂತೆ.

ನಿನ್ನ ಮಾವ ಸುಮ್ಮನೆ ಕೇಳಿಸಿಕೊಂಡರು. ಆಮೇಲೆ ಹುಷಾರಾಗಿ, ಬಿಸಿ ಪಾತ್ರೆ ಮುಟ್ಟುವವರ ಹಾಗೆ ಕೇಳಿದರು. “ಮತ್ತೆ... ಕಾಲು ನೋಡಿದ್ಯಾ?”

ನಾನು ಹೇಳಿದೆ, “ಕಾಲಾ? ಈ ಫೋಟೋದಲ್ಲಿ ಕಾಲೆಲ್ಲಿದೆ?”

ಅವರು ನನ್ನ ಮುಖವನ್ನೇ ನೋಡುತ್ತಾ ನಿಂತರು. ಮೂವತ್ತಮೂರು ವರ್ಷ ನನ್ನ ಜೊತೆ ಬಾಳಿದ ಮನುಷ್ಯ, ಅವರ ಅಂಗಿಯ ಒಂದು ಗುಂಡಿ ಸಡಿಲವಾದರೂ ನಾನು ರಸ್ತೆಯ ಆಚೆಯಿಂದ ಹೇಳುವವಳು. ಫೋನನ್ನು ಮತ್ತೆ ನನ್ನ ಕಣ್ಣ ಮುಂದೆ ಹಿಡಿದರು. ನೋಡಿದರೆ, ತೊಡೆಯಿಂದ ಬೆರಳಿನ ತನಕ ಬೆಳ್ಳಗಿನ ಪ್ಲಾಸ್ಟರ್! ಫೋಟೋದ ಅರ್ಧ ಅದೇ ಇದೆ! ಅದು ಎಲ್ಲೂ ಅಡಗಿ ಕೂತಿರಲಿಲ್ಲ, ನಟ್ಟನಡುವೆ ಇತ್ತು. ಕಾಲು ಗಂಟೆ ಅದರ ಮೇಲೆಯೇ ಬೆರಳಾಡಿಸಿದ್ದೇನೆ, ನನಗೆ ಕಂಡಿಲ್ಲ. ನನಗೆ! ಹದ್ದಿಗೆ!

ಮಗಳೇ, ನಾನು ನಕ್ಕೆ. ಎಷ್ಟು ನಕ್ಕೆ ಎಂದರೆ ಪಕ್ಕದ ಮನೆಯವರು ಗೋಡೆ ತಟ್ಟಿದರು. ಆಮೇಲೆ ಅಳು ಬಂತು, ಅದೂ ನಗುವೋ ಅಳುವೋ ಗೊತ್ತಾಗದ ಥರ. ಇಷ್ಟು ವರ್ಷದಲ್ಲಿ ಒಂದು ದಿನವೂ ಕಣ್ಣೊದ್ದೆ ಮಾಡದ ನಿನ್ನ ಮಾವ ಕಿಟಕಿಯ ಕಡೆ ತಿರುಗಿ ಮೂಗು ಒರೆಸಿಕೊಂಡರು. “ನೋಡಿದ್ರಾ, ನಾನು ಅವಳನ್ನ ನೋಡಿದೆ, ಅವಳನ್ನೇ ನೋಡಿದೆ” ಎಂದು ನಾನು ಹೇಳುತ್ತಲೇ ಇದ್ದೆ.

ಆಮೇಲೆ ಕಾಲನ್ನೂ ನೋಡಿದೆ. ನೋಡಬಾರದು ಎಂದೇನೂ ಇಲ್ಲವಲ್ಲ, ಅದೂ ಅವಳದೇ. ಪ್ಲಾಸ್ಟರಿನ ತುದಿಯಿಂದ ಐದು ಬೆರಳು ಹೊರಗೆ ಇಣುಕುತ್ತಿವೆ, ಕಿರುಬೆರಳು ಪಕ್ಕದ ಬೆರಳಿಗೆ ಒರಗಿ ನಿದ್ದೆ ಮಾಡುತ್ತಿದೆ. ಇದು ತಿರುಗಿದ ಕಾಲು ಎಂದು ಗೊತ್ತಿತ್ತು. ಆದರೆ ಅದು ಮೊದಲು ನನ್ನ ಮೊಮ್ಮಗಳ ಕಾಲಾಗಿತ್ತು. ಪ್ಲಾಸ್ಟರಿನ ಮೇಲೆ ಯಾರೋ ನೀಲಿ ಪೆನ್ನಿನಲ್ಲಿ ಒಂದು ಸೂರ್ಯ ಬರೆದಿದ್ದಾರೆ, ನೀನೇ ಇರಬೇಕು. ತುಂಬ ಚೆನ್ನಾಗಿದೆ. ಒಂದು ಕಿರಣ ಮಾತ್ರ ಉಳಿದವುಗಳಿಗಿಂತ ಸ್ವಲ್ಪ ಉದ್ದ... ನೋಡು, ನೋಡು! ಹದ್ದು ಸತ್ತಿಲ್ಲ!

ಅದಕ್ಕೇ ನನ್ನ ಕಣ್ಣು ಪೂರ್ತಿ ವಾಸಿಯಾಯಿತು ಎಂದು ನಾನು ಬರೆಯುವುದಿಲ್ಲ. ಕರ್ತನು ಒಬ್ಬ ಕುರುಡನ ಕಣ್ಣನ್ನು ಎರಡು ಸಲ ಮುಟ್ಟಿದ ಕಥೆ ಕೇಳಿದ್ದೀಯಲ್ಲ, ಮೊದಲ ಸಲ ಮುಟ್ಟಿದಾಗ ಅವನಿಗೆ ಎಲ್ಲ ಮಸುಕು ಮಸುಕಾಗಿ ಕಂಡಿತು, ಎರಡನೆಯ ಸಲಕ್ಕೆ ಸ್ಪಷ್ಟವಾಯಿತು. ನನಗೆ ಎರಡು ಸಲ ಸಾಲದು, ದಿನಾ ಸಂಜೆ ಆರಕ್ಕೆ ಒಂದೊಂದು ಸಲ ಬೇಕು. ನಾಳೆ ಬೆಳಗ್ಗೆ ಕಾರ್ಖಾನೆಯಲ್ಲಿ ಮತ್ತೆ ಐನೂರು ಅಂಗಿ ಬರುತ್ತವೆ, ಅಲ್ಲಿ ತಪ್ಪು ಹುಡುಕುವುದೇ ನನ್ನ ಅನ್ನ.

ಹೋದ ವರ್ಷದಿಂದ ಇಲ್ಲಿಯವರೆಗೆ ನಿನ್ನಿಂದ ಏನನ್ನೂ ಕೇಳುವ ಮುಖ ನನಗಿರಲಿಲ್ಲ. ಇವತ್ತು ಕೇಳುತ್ತೇನೆ. ನಾನು ಬರಲಾ? ನೀನು ಬೇಡ ಎಂದರೆ ಬೇಡ, ನಿನ್ನ ಮೇಲೆ ಬೇಜಾರಿಲ್ಲ. ಮಗನ ಕೈಲಿ ಹೇಳಿ ಕಳಿಸಬೇಡ, ನೀನೇ ಹೇಳು, ಎರಡು ಬೈಗುಳ ಸೇರಿಸಿ ಹೇಳಿದರೂ ಸರಿ. ಬಾ ಎಂದರೆ ಮಾತ್ರ ಒಂದು ಕೆಲಸ ಮಾಡು. ನಾನು ಬಂದಾಗ ಮಗುವನ್ನು ಎತ್ತಿಕೊಂಡು ಬಾಗಿಲಿಗೆ ಬರಬೇಡ. ಅವಳು ಒಳಗೆ ಮಲಗಿರಲಿ.

ಯಾಕೆಂದರೆ, ಆ ಕಸೂತಿಯ ದಿನದ ನಿನ್ನ ಮುಖವನ್ನು ನಾನು ಇಷ್ಟು ಸಂಜೆ ಬೇಡಿದ್ದೇನೆ, ಆತನು ಕೊಟ್ಟಿಲ್ಲ. ಉಳಿದದ್ದೆಲ್ಲ ಕೊಟ್ಟ, ಅದೊಂದನ್ನು ಕೊಡಲಿಲ್ಲ. ಇವತ್ತಿನ ಫೋಟೋದಲ್ಲೂ ನಿನ್ನ ಕೈ ಮಾತ್ರ ಇದೆ, ಮುಖ ಇಲ್ಲ. ಯಾಕೆ ಕೊಡಲಿಲ್ಲ ಎಂದು ಈಗ ತಾನೆ, ಈ ಮೇಜಿನ ಮುಂದೆ ಗೊತ್ತಾಯಿತು. ನೆನಪಿನಲ್ಲಿ ಕೊಟ್ಟುಬಿಟ್ಟರೆ ಈ ಮುದುಕಿ ಇಲ್ಲೇ ಸ್ಟೂಲಿನ ಮೇಲೆ ಕೂತುಬಿಡುತ್ತಾಳೆ, ನಿನ್ನ ಹತ್ತಿರ ಬರುವುದಿಲ್ಲ. ನೀನು ಬಾಗಿಲು ತೆರೆ. ನನ್ನ ಕಣ್ಣು ಮೊದಲು ಎಲ್ಲಿಗೆ ಹೋಗುತ್ತದೆ ಎಂದು ಚೆನ್ನಾಗಿ ನೋಡು. ಮಗುವಿಗೆ ಕಾಯಲು ಬರುತ್ತದೆ. ನಾನು ಮೊದಲು ನಿನ್ನನ್ನು ನೋಡಬೇಕು.

ಒಂಬತ್ತು ವಾರದಿಂದ ನಿದ್ದೆಗೆಟ್ಟ ನಿನ್ನ ಕಣ್ಣಿಗೆ ದೇವರು ಒಂದು ಪೂರ್ತಿ ಮಧ್ಯಾಹ್ನದ ನಿದ್ದೆ ಕೊಡಲಿ. ನನ್ನ ಮೊಮ್ಮಗಳ ಎರಡು ಕಾಲನ್ನೂ, ಅವಳನ್ನು ಹಿಡಿದ ನಿನ್ನ ಎರಡು ಕೈಯನ್ನೂ ಆತನು ಆಶೀರ್ವದಿಸಲಿ.

ಚಪ್ಪಲಿ ಹಾಕಿಕೊಂಡು ನಿನ್ನ ಉತ್ತರಕ್ಕೆ ಕಾಯುತ್ತಿರುವ,
ನಿನ್ನ ಅತ್ತೆ